ಹೊಳೆಯ ದಡದ ಗಡಿಯೂರು: ಸಿರುಗುಪ್ಪ

ಹಂಪೆಯನ್ನು ಕಾಣಲು ದೂರದೇಶಗಳಿಂದಲೂ ಜನರು ಬರುತ್ತಾರೆ. ಬಳ್ಳಾರಿಯ ಕೋಟೆಯನ್ನು ಹಾದಿಹೋಕರೂ ತಲೆಯೆತ್ತಿ ನೋಡುತ್ತಾರೆ. ಆದರೆ ಅದೇ ಸೀಮೆಯ ಉತ್ತರದ ಅಂಚಿನಲ್ಲಿ ತುಂಗಭದ್ರೆಯ ಬಲದಂಡೆಗೆ ಒರಗಿಕೊಂಡಿರುವ ಸಿರುಗುಪ್ಪವನ್ನು ಅಕ್ಕಿಯ ಮೂಟೆಯ ಮೂಲಕವಲ್ಲದೆ ಬೇರೆ ವಿಧದಿಂದ ಬಲ್ಲವರು ಸ್ವಲ್ಪವೇ ಮಂದಿ. ರೈಲುಗಾಡಿಯು ಈ ಊರನ್ನು ಮುಟ್ಟಲಿಲ್ಲ. ಪ್ರವಾಸಿಗಳ ಕೈಪಿಡಿಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆದರೂ ರಾಜ್ಯಗಳ ಎಲ್ಲೆಗಳು ಹೇಗೆ ಹುಟ್ಟುತ್ತವೆ, ಹೇಗೆ ಅಳಿಯುತ್ತವೆ, ಅವುಗಳ ಭಾರವನ್ನು ಮನೆಮನೆಯವರು ಹೇಗೆ ಹೊರುತ್ತಾರೆ ಎಂಬುದನ್ನು ತಿಳಿಯಬಯಸುವ ಗೃಹಸ್ಥರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ. ಆದಕಾರಣ ಈ ತಿಂಗಳು ವಾಚಕರನ್ನು ಅಲ್ಲಿಗೆ ಕರೆದೊಯ್ಯಲು ಬಯಸುತ್ತೇವೆ.

ಊರಿನ ನೆಲೆ

ಬಳ್ಳಾರಿಯ ಪಾರ್ವತಿನಗರದಲ್ಲಿ ಬೆಳಗಿನ ಕಾಫಿಯನ್ನು ಮುಗಿಸಿ ಹೊರಟವರು ಬಿಸಿಲೇರುವುದರೊಳಗೆ ಸಿರುಗುಪ್ಪವನ್ನು ಸೇರಬಹುದು. ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೫೫ ಕಿಲೋಮೀಟರುಗಳ ಪ್ರಯಾಣ. ಮೊದಲು ಎರೆಯ ಭೂಮಿ. ಜೋಳ, ಹತ್ತಿಗಳಿಗೆ ಹೇಳಿ ಮಾಡಿಸಿದ ಕಪ್ಪು ನೆಲ. ಕುರುಗೋಡಿನ ಬೆಟ್ಟಗಳು ಎಡಗಡೆಗೆ ಉಳಿಯುತ್ತವೆ. ತೆಕ್ಕಲಕೋಟೆಯ ಬಳಿಯಲ್ಲಿ ಯಾರೋ ಕೈಯಿಂದ ಒಟ್ಟಿದಂತಿರುವ ಬಂಡೆಗುಡ್ಡಗಳು ಎದುರಾಗುತ್ತವೆ. ಅವನ್ನು ದಾಟಿದ ಮೇಲೆ ನೆಲದ ಬಣ್ಣವೇ ಬದಲಾಗಿ ಹಸುರು ಗದ್ದೆಗಳೂ ಕಾಲುವೆಗಳೂ ಅಕ್ಕಿಯ ಗಿರಣಿಗಳೂ ಒಂದಾದ ಮೇಲೊಂದು ಬರುತ್ತವೆ. ಇದೇ ಸಿರುಗುಪ್ಪ.

"ಸಿರಿ" ಎಂದರೆ ಸಂಪತ್ತು, "ಗುಪ್ಪೆ" ಎಂದರೆ ರಾಶಿ. ಸಂಪತ್ತಿನ ರಾಶಿಯೇ ಸಿರುಗುಪ್ಪವೆಂದು ಹಿಂದಿನ ಆಂಗ್ಲ ಅಧಿಕಾರಿಗಳು ತಮ್ಮ ಗ್ಯಾಸೆಟಿಯರಿನಲ್ಲಿ ಅರ್ಥ ಬರೆದಿಟ್ಟರು. ಸುತ್ತಲಿನ ಒಣಭೂಮಿಯ ನಡುವೆ ಇಲ್ಲಿಯ ನೀರಾವರಿಯ ಗದ್ದೆಗಳನ್ನು ಕಂಡವರಿಗೆ ಆ ಅರ್ಥವು ಸಹಜವಾಗಿಯೇ ತೋರುವುದು. ಊರಿನ ಪಕ್ಕದಲ್ಲಿ ಹರಿಯುವುದು ನದಿಯ ಒಂದು ಕಿರಿಯ ಕವಲು. ಈ ಕವಲಿಗೂ ದೊಡ್ಡ ಹೊಳೆಗೂ ನಡುವೆ ದೇಶನೂರಿನ ನಡುಗಡ್ಡೆಯಿದೆ. ಅದರ ಉದ್ದ ಸುಮಾರು ಆರು ಮೈಲಿಯೆಂದು ಹಳೆಯ ಲೆಕ್ಕ. ೧೯೦೧ರ ಜನಗಣತಿಯಲ್ಲಿ ಆರು ಸಾವಿರಕ್ಕೂ ಕಡಮೆ ಜನರಿದ್ದ ಊರು ೨೦೧೧ರ ಗಣತಿಯಲ್ಲಿ ಐವತ್ತು ಸಾವಿರವನ್ನು ಮೀರಿದ್ದಿತು.

ಈ ತಾಲ್ಲೂಕಿಗೆ ಇನ್ನೊಂದು ನದಿಯೂ ಉಂಟು. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಹಳ್ಳಗಳು ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರವನ್ನು ತುಂಬಿ, ಬಳ್ಳಾರಿಗೆ ಪೂರ್ವದಲ್ಲಿ ಹಾದು, ಇಲ್ಲಿಗೆ ಬಂದು ತುಂಗಭದ್ರೆಯನ್ನು ಸೇರುತ್ತವೆ. ಇಲ್ಲಿಯ ಜನರು ಅದನ್ನು ಹಗರಿಯೆಂದೇ ಕರೆಯುವರು. ವರ್ಷದ ಬಹುಭಾಗ ಅದು ಮರಳಿನ ಹಾಸಿಗೆ. ಆದರೆ ಅದು ಸತ್ತ ಹೊಳೆಯೆಂದು ತಿಳಿದವರು ಮೋಸಹೋಗುವರು. ೨೦೦೯ರ ಮಹಾಮಳೆಯಲ್ಲಿ ಈ ತಾಲ್ಲೂಕಿನ ಹಳ್ಳಿಗಳು ನೆರೆಗೆ ಸಿಕ್ಕಿ ಬಹಳ ಕಷ್ಟಪಟ್ಟವು. ೨೦೨೨ರಲ್ಲಿ ವಾಣೀವಿಲಾಸ ಸಾಗರವು ೧೯೩೩ರ ಅನಂತರ ಮೊದಲ ಬಾರಿಗೆ ಕೋಡಿ ಹರಿದಾಗ ಹಗರಿಯು ಮತ್ತೆ ಎರಡು ದಡಗಳನ್ನೂ ತುಂಬಿ ಬಂದಿತು. ಮಳೆಯು ಹಿರಿಯೂರಿನಲ್ಲಿ, ಅದರ ಚಿಂತೆಯು ಸಿರುಗುಪ್ಪದಲ್ಲಿ. ನದಿಯ ತುದಿಯಲ್ಲಿರುವವರ ಬಾಳು ಹೀಗೆಯೇ.

ಬಹು ಹಿಂದಿನ ಮಾತು

ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ. ಎಸ್. ನಾಗರಾಜರಾಯರು ೧೯೬೩ರಿಂದ ೧೯೬೫ರವರೆಗೆ ಅಗೆತ ನಡೆಸಿ, ನೂತನ ಶಿಲಾಯುಗದ ಜನರ ವಸತಿಗಳನ್ನು ಬೆಳಕಿಗೆ ತಂದರು. ನೀರೂ ನೆರಳೂ ಇರುವ ಗುಡ್ಡದ ಮೇಲೆ ಮನೆ, ಕೆಳಗಿನ ಬಯಲಿನಲ್ಲಿ ದನ, ಬೆಳೆ. ಹೀಗೆ ಮನುಷ್ಯನು ಈ ನೆಲದಲ್ಲಿ ಸಂಸಾರ ಹೂಡಿ ಸಾವಿರಾರು ವರ್ಷಗಳಾದವು.

ಇದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳು ೧೯೭೦ರ ದಶಕದಲ್ಲಿ ದೊರೆತವು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳುವ ಶಾಸನಗಳು ದೇಶದಲ್ಲಿ ಕೆಲವೇ. ಅವುಗಳ ಸಾಲಿನಲ್ಲಿ ನಿಟ್ಟೂರಿಗೂ ಸ್ಥಾನವಿದೆ. ಇದೇ ಬಗೆಯ ಶಾಸನವು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವುದು. ಅದರಲ್ಲಿ ಅರಸನ ಆಜ್ಞೆಯು ರಜ್ಜುಕನೆಂಬ ಅಧಿಕಾರಿಗೆ ತಲಪಿ, ಅವನು ನಾಡಿನ ಜನರಿಗೆ ಭೇರಿ ಹೊಡೆಸಿ ತಿಳಿಯಪಡಿಸಬೇಕೆಂಬ ಏರ್ಪಾಡನ್ನು ಕಾಣುತ್ತೇವೆ. ಆಜ್ಞೆಯ ಸಾರವೇನು? ತಂದೆತಾಯಿಗಳ ಮಾತನ್ನು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು. ದೂರದ ರಾಜಧಾನಿಯ ಮಾತು ಅಂಚಿನ ಹಳ್ಳಿಗೆ ಹೇಗೆ ಮುಟ್ಟಬೇಕೆಂಬುದೇ ಸ್ಥಳೀಯ ಆಡಳಿತದ ಮೊದಲ ಪ್ರಶ್ನೆ. ಈ ಸೀಮೆಯು ಅದಕ್ಕೆ ಉತ್ತರವನ್ನು ಕಂಡುದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ.

ವಿಜಯನಗರದ ಅರಸರು ಬಂದಾಗ ತುಂಗಭದ್ರೆಗೆ ಅಲ್ಲಲ್ಲಿ ಬಂಡೆಗಳನ್ನು ಹೊಂದಿಸಿ ಅಣೆಗಳನ್ನು ಕಟ್ಟಿಸಿ ಕಾಲುವೆಗಳನ್ನು ತೆಗೆಸಿದರು. ಸಿರುಗುಪ್ಪ, ದೇಶನೂರುಗಳ ಕಾಲುವೆಗಳು ಆ ಪರಂಪರೆಗೆ ಸೇರಿದವು. ಹತ್ತಿರದ ಕೆಂಚನಗುಡ್ಡದಲ್ಲಿ ಆ ಕಾಲದ ಅಣೆಯನ್ನೂ, ಹೊಳೆಯ ದಡದಲ್ಲಿ ವಸುಧೇಂದ್ರತೀರ್ಥರ ವೃಂದಾವನವನ್ನೂ ಯಾತ್ರಿಕರು ನೋಡುವರು. ಎದುರು ದಡದ ರಾಯಚೂರು ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಹೋರಾಡಿದರು; ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು. ಗೆದ್ದವರೂ ಸೋತವರೂ ಹೋದರು, ಕಾಲುವೆಗಳು ಉಳಿದವು. ತೂಬನ್ನು ತೆರೆದು ಸರದಿಯಂತೆ ನೀರು ಬಿಡುವ ನೀರಗಂಟಿಯು ಎಷ್ಟೋ ರಾಜವಂಶಗಳಿಗಿಂತ ಹೆಚ್ಚು ಕಾಲ ಬಾಳಿದನು.

ಹೊಳೆಯೇ ಎಲ್ಲೆಯಾದ ಬಗೆ

ಕ್ರಿ. ಶ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಕಂಪೆನಿಯವರೊಡನೆ ಒಪ್ಪಂದ ಮಾಡಿಕೊಂಡು, ತುಂಗಭದ್ರೆಗೆ ದಕ್ಷಿಣದ ಸೀಮೆಯನ್ನು ಅವರಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೋ ಮೊದಲ ಮುಖ್ಯ ಕಲೆಕ್ಟರನಾಗಿ ಬಂದು ೧೮೦೭ರವರೆಗೆ ಇದ್ದನು. ೧೮೦೮ರಲ್ಲಿ ಬಳ್ಳಾರಿ ಜಿಲ್ಲೆಯು ಬೇರೆಯಾಯಿತು. ಅಂದಿನಿಂದ ಸಿರುಗುಪ್ಪದ ಹೊಳೆಯು ಎರಡು ಸರ್ಕಾರಗಳ ನಡುವಣ ಗೆರೆಯಾಯಿತು. ದಕ್ಷಿಣದ ದಡದಲ್ಲಿ ಮದರಾಸಿನ ಆಳ್ವಿಕೆ. ಉತ್ತರದ ದಡದಲ್ಲಿ ನಿಜಾಮನ ರಾಯಚೂರು ಜಿಲ್ಲೆ.

ಇದರ ಅರ್ಥವನ್ನು ಗೃಹಿಣಿಯರು ಸುಲಭವಾಗಿ ಗ್ರಹಿಸಬಲ್ಲರು. ಮಗಳನ್ನು ಸಿಂಧನೂರಿನ ಕಡೆಗೆ ಕೊಟ್ಟಿದ್ದರೆ ಬಾಗಿನವನ್ನು ಒಯ್ಯಲು ಹರಿಗೋಲನ್ನು ಏರಬೇಕು. ಬಿದಿರಿನಿಂದ ಹೆಣೆದು ತೊಗಲು ಹೊದಿಸಿದ ಈ ದುಂಡನೆಯ ದೋಣಿಗಳನ್ನು ಹದಿನಾರನೆಯ ಶತಮಾನದಲ್ಲಿಯೇ ಪೋರ್ಚುಗೀಸ ಪ್ರವಾಸಿಯಾದ ಪಾಯಿಸನು ಆನೆಗೊಂದಿಯ ಬಳಿ ಕಂಡು ವಿಸ್ಮಯಪಟ್ಟು ಬರೆದಿದ್ದನು. ಆಚೆಯ ದಡಕ್ಕೆ ಇಳಿದೊಡನೆ ನಿಜಾಮನ ಸುಂಕದವರು. ಗಂಟಿನೊಳಗಿನ ರೂಪಾಯಿಯೂ ಅಲ್ಲಿ ಬೇರೆ; ಅಲ್ಲಿ ನಡೆಯುವುದು ಹಾಲಿ ಸಿಕ್ಕಾ. ಕಡೆಗಾಲದಲ್ಲಿ ನಮ್ಮ ಆರು ರೂಪಾಯಿಗಳಿಗೆ ಅದರ ಏಳು ರೂಪಾಯಿಗಳೆಂಬ ಲೆಕ್ಕವಿದ್ದಿತು. ಕಛೇರಿಯ ಭಾಷೆ ಉರ್ದು. ದಾಟುವ ನೀರು ಒಂದೇ, ಆಡುವ ಕನ್ನಡ ಒಂದೇ, ನಂಟುತನ ಒಂದೇ. ಸರ್ಕಾರಗಳು ಮಾತ್ರ ಎರಡು.

ಇದಕ್ಕಿಂತ ದೊಡ್ಡ ನಷ್ಟವು ನೀರಿನ ವಿಷಯದಲ್ಲಿ ಆಯಿತು. ಸರ್ ಆರ್ಥರ್ ಕಾಟನ್ ೧೮೬೦ರಲ್ಲಿಯೇ ತುಂಗಭದ್ರೆಗೆ ಜಲಾಶಯ ಕಟ್ಟಬೇಕೆಂದು ಸೂಚಿಸಿದನು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಸೀಮೆಯ ಜನರು ಹಸಿವಿನಿಂದ ಸತ್ತರು. ಆದರೂ ಅಣೆಕಟ್ಟು ಏಳಲಿಲ್ಲ. ವೆಚ್ಚದ ಚಿಂತೆಯೊಂದು ಕಡೆ; ನೀರಿನಲ್ಲಿ ಯಾರಿಗೆಷ್ಟು ಪಾಲೆಂದು ಎರಡು ದಡಗಳ ಸರ್ಕಾರಗಳಿಗೆ ಒಮ್ಮತವಿಲ್ಲದುದು ಇನ್ನೊಂದು ಕಡೆ. ಕೊನೆಗೆ ೧೯೪೪ರಲ್ಲಿ ಮದರಾಸು, ಹೈದರಾಬಾದುಗಳಿಗೆ ಒಡಂಬಡಿಕೆಯಾಗಿ ೧೯೪೫ರ ಫೆಬ್ರವರಿಯಲ್ಲಿ ಕೆಲಸವು ಆರಂಭವಾಯಿತು. ಸೂಚನೆಗೂ ಆರಂಭಕ್ಕೂ ನಡುವೆ ಎಂಬತ್ತೈದು ವರ್ಷಗಳು! ಒಂದು ಹೊಳೆಗೆ ಇಬ್ಬರು ಯಜಮಾನರಿದ್ದು ಅವರು ಮಾತನಾಡದಿದ್ದರೆ ಮೂರು ತಲೆಮಾರು ಮಳೆಯನ್ನೇ ನಂಬಿ ಬದುಕಬೇಕಾಗುವುದು.

೧೯೪೭-೪೮ರಲ್ಲಿ ಈ ಎಲ್ಲೆಯು ಇನ್ನೊಂದು ವಿಧದಿಂದ ಉಪಯೋಗಕ್ಕೆ ಬಂದಿತು. ರಜಾಕಾರರ ಹಾವಳಿಗೆ ಅಂಜಿದ ಅನೇಕ ಸಂಸಾರಗಳು ನಿಜಾಮನ ಸೀಮೆಯಿಂದ ತುಂಗಭದ್ರೆಯನ್ನು ದಾಟಿ ಈ ಕಡೆಗೆ ಬಂದು ಆಸರೆ ಪಡೆದವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಬಳಿಕ ಅವರಲ್ಲಿ ಬಹುಮಂದಿ ಹಿಂದಿರುಗಿದರು. ನಂಟರ ಮನೆಯು ಬೇರೊಂದು ಸರ್ಕಾರದ ನೆಲದಲ್ಲಿದ್ದುದು ಆಗ ಒಂದು ಭಾಗ್ಯವೇ ಆಯಿತು.

ಮೂರು ರಾಜ್ಯಗಳ ಮೂಲೆ

ಭಾಷೆಯ ಮೇರೆಗೆ ರಾಜ್ಯಗಳನ್ನು ಹಂಚುವ ಕಾಲವು ಬಂದಾಗ ಬಳ್ಳಾರಿ ಜಿಲ್ಲೆಯು ಇಬ್ಬಾಗವಾಯಿತು. ೧೯೫೩ನೆಯ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ತೀವ್ರವಾದ ವಾದವುಂಟಾಗಿ, ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಯು ನಡೆದ ಮೇಲೆ ಅದರ ಬಹುಭಾಗವು ಮೈಸೂರಿಗೆ ಬಂದಿತು. ಸಿರುಗುಪ್ಪ ತಾಲ್ಲೂಕೂ ಮೈಸೂರಿಗೆ ಸೇರಿತು.

ಎದುರು ದಡದ ರಾಯಚೂರು ಜಿಲ್ಲೆಯು ಆಗಿನ್ನೂ ಹೈದರಾಬಾದು ರಾಜ್ಯದಲ್ಲಿದ್ದಿತು. ಆದ್ದರಿಂದ ೧೯೫೩ರಿಂದ ೧೯೫೬ರ ನವೆಂಬರ್ ೧ರವರೆಗೆ, ಮೂರು ವರ್ಷಗಳ ಮೇಲೆ ಒಂದು ತಿಂಗಳು, ಈ ತಾಲ್ಲೂಕು ಮೂರು ರಾಜ್ಯಗಳು ಕೂಡುವ ಮೂಲೆಯಾಯಿತು. ತಾನಿರುವುದು ಮೈಸೂರಿನಲ್ಲಿ, ಹೊಳೆಯಾಚೆ ಹೈದರಾಬಾದು, ಪೂರ್ವದಲ್ಲಿ ಆಂಧ್ರ. ೧೯೫೬ರಲ್ಲಿ ರಾಯಚೂರು ಮೈಸೂರಿಗೆ ಸೇರಿದಾಗ ಒಂದೂವರೆ ಶತಮಾನದ ಹೊಳೆಯ ಗೆರೆಯು ಅಳಿದುಹೋಯಿತು. ಆದರೆ ಅಲ್ಲಿಯವರೆಗೆ ಒಂದೇ ಜಿಲ್ಲೆಯಾಗಿದ್ದ ಪೂರ್ವದ ನೆಲದಲ್ಲಿ ಹೊಸ ಗೆರೆಯು ನಿಂತಿತು. ಹತ್ತಿ ಮಾರಲು ಹೋಗುತ್ತಿದ್ದ ಆದವಾನಿಯೂ, ಹರಕೆ ತೀರಿಸಲು ಹೋಗುತ್ತಿದ್ದ ಮಂತ್ರಾಲಯವೂ ೧೯೫೩ರವರೆಗೆ ಬಳ್ಳಾರಿ ಜಿಲ್ಲೆಯೊಳಗಿನ ಸ್ಥಳಗಳು. ಇಂದು ಅವು ಪರರಾಜ್ಯ. ಊರು ಕದಲಲಿಲ್ಲ, ಹೊಳೆಯು ಕದಲಲಿಲ್ಲ. ಗಡಿಯು ಮಾತ್ರ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿತು.

ಈ ಗೆರೆಯು ಕಾಗದದ ಮೇಲಿನದೆಂದು ತಾತ್ಸಾರ ಮಾಡತಕ್ಕದ್ದಲ್ಲ. ಒಂದು ಉದಾಹರಣೆ ಸಾಕು. ಈ ಸೀಮೆಯಲ್ಲಿ ಬಹುಸಂಖ್ಯೆಯಲ್ಲಿರುವ ವಾಲ್ಮೀಕಿ ನಾಯಕರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಸಿರುಗುಪ್ಪದ ವಿಧಾನಸಭಾ ಸ್ಥಾನವೂ ಆ ಪಂಗಡಗಳಿಗೆ ಮೀಸಲು. ಗಡಿಯಾಚೆಯ ಆದವಾನಿಯ ಕಡೆಯಲ್ಲಿ ಅದೇ ಬಳಗದವರು ಬೋಯರೆಂದು ಕರೆಯಲ್ಪಟ್ಟು, ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದಾರೆ. ಅಕ್ಕನನ್ನು ಈಚೆಗೂ ತಂಗಿಯನ್ನು ಆಚೆಗೂ ಕೊಟ್ಟ ತಂದೆಯು, ಅವರ ಮಕ್ಕಳು ಶಾಲೆಗೂ ಕೆಲಸಕ್ಕೂ ಅರ್ಜಿ ಹಾಕುವ ದಿನ, ಒಂದೇ ರಕ್ತಕ್ಕೆ ಎರಡು ಹೆಸರಿರುವುದನ್ನು ಕಾಣುವನು.

ಇಂದಿನ ಕಛೇರಿಗಳು

ಈಗ ಆಡಳಿತದ ಮಾತಿಗೆ ಬರೋಣ. ೧೯೦೧ರಲ್ಲಿ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಸಿರುಗುಪ್ಪವು ಇಂದು ತಾನೇ ತಾಲ್ಲೂಕಿನ ಮುಖ್ಯಸ್ಥಳ. ಊರಿಗೆ ನಗರಸಭೆ, ತೆಕ್ಕಲಕೋಟೆಗೆ ಪಟ್ಟಣ ಪಂಚಾಯಿತಿ, ಹಳ್ಳಿಗಳಿಗೆ ಗ್ರಾಮ ಪಂಚಾಯಿತಿಗಳು. ಹಿಂದೆ ಹಳ್ಳಿಯಲ್ಲಿ ಗೌಡ, ಕರಣಂ, ತಳವಾರ, ನೀರಗಂಟಿಗಳು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದ ಕೆಲಸಗಳಿದ್ದವು. ೧೯೬೧ರ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಮಾಡಿತು. ಕರಣಂ ತನ್ನ ಮನೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಲೆಕ್ಕವು ಸರ್ಕಾರದ ಗ್ರಾಮಲೆಕ್ಕಿಗನ ಕೈಗೆ ಬಂದಿತು. ಎರಡು ಸಾವಿರದ ಇಸವಿಯ ಹೊತ್ತಿಗೆ ಪಹಣಿಯು ಕಂಪ್ಯೂಟರಿನಲ್ಲಿ ದೊರೆಯುವಂತಾಯಿತು.

ಆದರೆ ಮೇಲಿನ ಕಛೇರಿಗಳು ಯಾವ ದಿಕ್ಕಿನಲ್ಲಿವೆ ಎಂಬುದನ್ನು ನೋಡಿದರೆ ವಾಚಕರಿಗೆ ನಗೆಯೂ ಬರಬಹುದು, ಮರುಕವೂ ಬರಬಹುದು. ಜಿಲ್ಲಾಧಿಕಾರಿಗಳು ದಕ್ಷಿಣಕ್ಕೆ ಬಳ್ಳಾರಿಯಲ್ಲಿ. ಅವರ ಮೇಲಿನ ಪ್ರಾದೇಶಿಕ ಆಯುಕ್ತರು ಉತ್ತರಕ್ಕೆ ಕಲಬುರಗಿಯಲ್ಲಿ. ಹೈಕೋರ್ಟಿಗೆ ಹೋಗಬೇಕಾದರೆ ಕಲಬುರಗಿಯ ಪೀಠವಲ್ಲ, ಪಶ್ಚಿಮದ ಧಾರವಾಡದ ಪೀಠ. ಲೋಕಸಭೆಗೆ ಮತ ಹಾಕುವುದು ಬಳ್ಳಾರಿಯ ಕ್ಷೇತ್ರಕ್ಕಲ್ಲ. ಹೊಳೆಯಾಚೆಯ ಕೊಪ್ಪಳದ ಕ್ಷೇತ್ರಕ್ಕೆ. ಗದ್ದೆಯ ನೀರಿನ ತೀರ್ಮಾನವಾಗುವುದು ಹೊಸಪೇಟೆಯ ಬಳಿಯ ಅಣೆಕಟ್ಟಿನಲ್ಲಿ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಅದೂ ಪರಜಿಲ್ಲೆಯಾಯಿತು. ಒಬ್ಬ ರೈತನು ತನ್ನ ಎಲ್ಲ ಕೆಲಸಗಳನ್ನೂ ತಾನೇ ಮಾಡಿಕೊಳ್ಳಬೇಕೆಂದರೆ ಅವನಿಗೆ ನಾಲ್ಕು ದಿಕ್ಕುಗಳಿಗೂ ಬಸ್ಸಿನ ಚೀಟಿ ಬೇಕು.

ಇದರಲ್ಲಿ ಲಾಭವೂ ಇಲ್ಲದಿಲ್ಲ. ಬಳ್ಳಾರಿ ಸೀಮೆಯು ೧೮೦೦ರಲ್ಲಿಯೇ ನಿಜಾಮನಿಂದ ಬೇರೆಯಾದುದಾದರೂ, ಹಿಂದುಳಿದ ನಾಡೆಂದು ಹೈದರಾಬಾದು ಕರ್ನಾಟಕದೊಡನೆ ಎಣಿಸಲ್ಪಟ್ಟಿತು. ಆ ಪ್ರದೇಶಕ್ಕೆ ಸಂವಿಧಾನದ ೩೭೧ ಜೆ ಕಲಮಿನ ಮೂಲಕ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷ ಮೀಸಲಾತಿಯು ೨೦೧೩ರಲ್ಲಿ ದೊರೆಯಿತು. ೨೦೧೯ರಿಂದ ಈ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ. ಮನೆಯಲ್ಲಿ ಓದುವ ಮಕ್ಕಳಿರುವವರು ಸ್ಥಳೀಯರೆಂಬ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನದವರೆಗೂ ಮರೆತಿರದೆ ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ನೀರಿನ ನ್ಯಾಯ

ಸಿರುಗುಪ್ಪದ ಬಾಳು ನಿಂತಿರುವುದು ನೀರಿನ ಮೇಲೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯಲಾರಂಭಿಸಿತು. ಅದೇ ವರ್ಷ ಜಿಲ್ಲೆಯು ಒಡೆದುದರಿಂದ, ಅಣೆಕಟ್ಟಿಗೂ ಎರಡು ರಾಜ್ಯಗಳಿಗೆ ಸಮಾನವಾದ ಕಾಲುವೆಗಳಿಗೂ ಕೇಂದ್ರ ಸರ್ಕಾರದವರು ತುಂಗಭದ್ರಾ ಮಂಡಳಿಯನ್ನು ನೇಮಿಸಿದರು. ಬಲದಂಡೆಯ ಕೆಳಮಟ್ಟದ ಕಾಲುವೆಯು ಈ ತಾಲ್ಲೂಕನ್ನು ಹಾದು ಆಂಧ್ರಕ್ಕೆ ಹೋಗುವುದು. ರಾಜ್ಯಗಳು ಬೇರೆಯಾದರೂ ಕಾಲುವೆಯೊಂದೇ ಆಗಿರುವುದರಿಂದ ಮಂಡಳಿಯೇ ಇಲ್ಲಿ ದೊಡ್ಡ ನೀರಗಂಟಿ.

ಯೋಜನೆಯು ಬಹುಪಾಲು ಭೂಮಿಯನ್ನು ಜೋಳ, ಹತ್ತಿ ಮೊದಲಾದ ಸ್ವಲ್ಪ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿತ್ತು. ಕರಾವಳಿಯ ಆಂಧ್ರದಿಂದ ಬಂದ ರೈತರು ಇಲ್ಲಿ ಭೂಮಿ ಕೊಂಡು ಕ್ಯಾಂಪುಗಳೆಂಬ ವಸತಿಗಳನ್ನು ಹೂಡಿ ಭತ್ತದ ಬೇಸಾಯವನ್ನು ಹರಡಿದರು; ಸ್ಥಳೀಯರೂ ಅದನ್ನೇ ಹಿಡಿದರು. ಸೋನಾ ಮಸೂರಿಯು ಊರಿಗೆ ಹಣವನ್ನು ತಂದಿತು. ಆದರೆ ಕಾಲುವೆಯ ತಲೆಯಲ್ಲಿರುವವರು ಗದ್ದೆಯನ್ನು ತುಂಬಿಕೊಂಡರೆ ತುದಿಯಲ್ಲಿರುವವರು ಸಸಿಮಡಿಯನ್ನು ನೋಡುತ್ತ ಕುಳಿತಿರಬೇಕು; ನೀರು ಹೆಚ್ಚಾದ ಹೊಲದಲ್ಲಿ ಚೌಳು ಏಳುವುದು. ಜಲಾಶಯದ ತಳದಲ್ಲಿ ಹೂಳು ಕುಳಿತು, ಮೊದಲು ಸುಮಾರು ೧೩೩ ಟಿಎಂಸಿ ಹಿಡಿಯುತ್ತಿದ್ದುದು ಈಗ ಸುಮಾರು ೧೦೫ಕ್ಕೆ ಇಳಿದಿದೆ. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ.

೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಈ ಎಲ್ಲ ಕುಟುಂಬಗಳ ಎದೆಯೂ ಒಮ್ಮೆ ನಡುಗಿತು. ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ನುಗ್ಗಿತು. ಹೊಳೆಯ ದಡದವರಿಗೆ ನೆರೆಯ ಭಯ; ಕಾಲುವೆಯವರಿಗೆ ಬೆಳೆ ಒಣಗುವ ಭಯ; ಒಂದೇ ಮನೆಯಲ್ಲಿ ಎರಡು ಭಯಗಳೂ ಇದ್ದವು. ತಜ್ಞರಾದ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ, ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರಿಗೆ ಆ ವಾರ ಗಡಿಯೆಂಬುದು ಇರಲಿಲ್ಲ. ಉಳಿದ ಬಾಗಿಲುಗಳೂ ಹಳೆಯವಾದುದರಿಂದ ೨೦೨೫ರ ಮಳೆಗಾಲದಲ್ಲಿ ಜಲಾಶಯವನ್ನು ಸುಮಾರು ೮೦ ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಎರಡನೆಯ ಬೆಳೆಯನ್ನು ನಂಬಿ ಮಗಳ ಮದುವೆಯನ್ನು ನಿಶ್ಚಯಿಸುವ ಸೀಮೆಯಲ್ಲಿ ಈ ಅಂಕಿಯು ಎಷ್ಟು ಭಾರವಾದುದೆಂಬುದನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ.

ಮುಗಿಸುವ ಮಾತು

ಈ ಊರಿನ ಕಥೆಯಿಂದ ನಾವು ಕಲಿಯತಕ್ಕದ್ದು ಇಷ್ಟೇ. ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡು ಕಡೆಗಳಲ್ಲಿಯೂ ಅಕ್ಕತಂಗಿಯರ ಮನೆಗಳಿರುತ್ತವೆ. ಎರಡು ಕಡೆಯ ಕಛೇರಿಗಳು ಒಬ್ಬರೊಡನೊಬ್ಬರು ಮಾತನಾಡದಿದ್ದಾಗ ಅಣೆಕಟ್ಟಿಗೆ ಎಂಬತ್ತೈದು ವರ್ಷಗಳು ಹಿಡಿದವು. ಮಾತನಾಡಿದಾಗ ಒಡೆದ ಬಾಗಿಲನ್ನು ಮುಚ್ಚಲು ಏಳು ದಿನಗಳು ಸಾಕಾದವು. ಗಡಿಯೂರಿನ ಒಳ್ಳೆಯ ಆಡಳಿತಕ್ಕೆ ಇದಕ್ಕಿಂತ ಸ್ಪಷ್ಟವಾದ ಅಳತೆಗೋಲು ಬೇಕಾಗಿಲ್ಲ.

ಸಿಂಧನೂರಿಗೆ ಹೋಗುವವರು ಈಗ ದಢೇಸೂಗೂರಿನ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹೊಳೆಯನ್ನು ದಾಟುತ್ತಾರೆ. ಸುಂಕದವನಿಲ್ಲ, ಬೇರೆ ನಾಣ್ಯವಿಲ್ಲ. ವಾಚಕರು ಆ ಹಾದಿಯಲ್ಲಿ ಹೋದಾಗ ಸೇತುವೆಯ ಮೇಲೆ ಒಂದು ಕ್ಷಣ ಹೊಳೆಯ ಕಡೆಗೆ ಕಣ್ಣು ಹಾಯಿಸಲಿ. ಎರಡು ಸರ್ಕಾರಗಳ ಗೆರೆಯಾಗಿ ನೂರೈವತ್ತಾರು ವರ್ಷ ದುಡಿದ ನೀರು ಅದು. ಅದರ ಎರಡು ದಡಗಳಲ್ಲಿಯೂ ಇಂದು ಒಂದೇ ಭತ್ತವು ತೂಗುತ್ತಿರುವುದು.